ಬೆಲ್ ಒತ್ತದೆ ಬಂದವರು

ಟೋಕಿಯೋದ ಒಂದು ಪುಟ್ಟ ಯಹೂದಿ ಹೈಸ್ಕೂಲಿನಲ್ಲಿ ಮಾಲತಿ ಗಣಿತ ಕಲಿಸುತ್ತಿದ್ದಳು. ಎಲ್ಲ ತರಗತಿಗಳನ್ನು ಸೇರಿಸಿದರೂ ಐವತ್ತು ಮಕ್ಕಳನ್ನು ದಾಟದ ಶಾಲೆ ಅದು. ದಾವಣಗೆರೆಯವಳು ಅಲ್ಲಿಗೆ ಹೇಗೆ ಹೋಗಿ ಸೇರಿದೆ ಎಂದು ತಾನಿದ್ದ ನಿಶಿ ಕಸಾಯಿ ಬಡಾವಣೆಯ ಕನ್ನಡದ ಗೆಳತಿಯರು ಕೇಳಿದರೆ, "ಅವರಿಗೆ ಮ್ಯಾಥ್ಸ್ ಟೀಚರ್ ಬೇಕಾಗಿತ್ತು, ನನಗೆ ಮನೆಯಿಂದ ಆಚೆ ಬರಬೇಕಾಗಿತ್ತು, ಅಷ್ಟೇ" ಎನ್ನುತ್ತಿದ್ದಳು. ಗಂಡ ದ್ವಾರಕಾನಾಥ ಕಾವಾಸಾಕಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಬೆಳಿಗ್ಗೆ ಟ್ರೇನು ಹತ್ತಿದರೆ ಕತ್ತಲಾದ ಮೇಲೇ ಮನೆಯ ಮುಖ ನೋಡುವವನು. ಮಗಳು ಜಾಹ್ನವಿ ಓದಿಗೆಂದು ಪಕ್ಕದ ಕಾಶಿವಾ ಊರಿಗೆ ಹೋಗಿ ಹಾಸ್ಟೆಲ್ ಸೇರಿದ ಮೇಲಂತೂ, ಅನ್ನವಾಯಿತೆಂದು ರೈಸ್ ಕುಕ್ಕರು ಹಾಡುವುದೊಂದೇ ಆ ಮನೆಯ ಸದ್ದಾಗಿತ್ತು.

ಶಾಲೆಯ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಗಳೇ ಬೇರೆ, ಮಾಂಸದ ಪಾತ್ರೆಗಳೇ ಬೇರೆ, ತೊಳೆಯುವ ಸಿಂಕೂ ಬೇರೆ. ಸೇರಿದ ಹೊಸದರಲ್ಲಿ ಇದನ್ನೆಲ್ಲ ವಿವರಿಸಿದ ರಬ್ಬಿ, ಅಂದರೆ ಮಕ್ಕಳಿಗೆ ಧರ್ಮಗ್ರಂಥ ಕಲಿಸುವ ಗುರುಗಳು, ನಿಮಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು ಎಂದು ಸಂಕೋಚಪಟ್ಟಿದ್ದರು. ಮಾಲತಿಗೆ ನಗು ಬಂದಿತ್ತು. ಮುಸುರೆ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಿ ಅಜ್ಜಿಯಿಂದ ಬೈಸಿಕೊಂಡು ಬೆಳೆದವಳಿಗೆ ಇದರಲ್ಲಿ ವಿಚಿತ್ರವೇನು ಬಂತು!

ಮಕ್ಕಳಿಗೆ ಅವಳೆಂದರೆ ಗೌರವ, ಜೊತೆಗೆ ಸ್ವಲ್ಪ ಅಂಜಿಕೆ. ಪಾಠ ಬಿಟ್ಟು ಬೇರೆ ಮಾತಾಡುವವಳಲ್ಲ. ತರಗತಿಯಲ್ಲಿ ನಕ್ಕಿದ್ದನ್ನು ನೋಡಿದವರೂ ಕಡಿಮೆ.

ಆ ವರ್ಷದ ಜನವರಿಯಲ್ಲಿ ಅವಳ ತಾಯಿ ವಿಶಾಲಾಕ್ಷಿ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿಬಿಟ್ಟರಂತೆ. ತಮ್ಮ ಹೃಷಿಕೇಶ ಫೋನು ಮಾಡಿದಾಗ ಮಾಲತಿ ಇನ್‌ಫ್ಲುಯೆಂಜಾ ಜ್ವರದಲ್ಲಿ ಮೇಲೇಳಲಾರದೆ ಮಲಗಿದ್ದಳು. ವಿಮಾನ ಹತ್ತುವ ಮಾತೇ ಇರಲಿಲ್ಲ. ಕಂಬಳಿ ಹೊದ್ದುಕೊಂಡು, ಮೊಬೈಲಿನ ಪುಟ್ಟ ಪರದೆಯಲ್ಲಿ, ಯಾರದೋ ಅಲುಗುವ ಕೈಯೊಳಗಿಂದ ಅಮ್ಮನನ್ನು ಕಳಿಸಿಕೊಟ್ಟಳು. ಜ್ವರ ಬಿಟ್ಟ ಮೇಲೆ ಶಾಲೆಗೆ ಹೋದಳು. ಹುಷಾರಾದಿರಾ ಎಂದು ಎಲ್ಲರೂ ಕೇಳಿದರು. ಹುಷಾರಾದೆ ಎಂದಳು. ಅಮ್ಮನ ವಿಷಯ ಯಾರಿಗೂ ಹೇಳಲಿಲ್ಲ. ಹೇಳಬಾರದೆಂದೇನಲ್ಲ, ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯಲಿಲ್ಲ. ಮನೆಯಲ್ಲೂ ಹಾಗೇ. ದ್ವಾರಕಾನಾಥ ಎರಡು ಸಲ ಮಾತೆತ್ತಿದ. ಅವಳ ಮುಖ ನೋಡಿ ಸುಮ್ಮನಾದ.

ಮಾರ್ಚ್ ಬಂತು. ಪೂರಿಮ್ ಎಂಬ ಹಬ್ಬದ ಹಿಂದಿನ ವಾರ ಆ ಶಾಲೆಯಲ್ಲಿ ಪಾಠಗಳು ಅರ್ಧಕ್ಕೆ ಇಳಿಯುತ್ತವೆ. ಉಳಿದ ಹೊತ್ತೆಲ್ಲ ಮಕ್ಕಳದೇ ರಾಜ್ಯ. ಒಂದು ದಿನ ತಿಂಡಿ ಮಾಡುವುದು, ಒಂದು ದಿನ ಊರಿನವರ ಮನೆಗಳಿಗೆ ಹೋಗಿ ಬರುವುದು, ಒಂದು ದಿನ ವೇಷ, ಕೊನೆಗೆ ಹಾಡು. ಪ್ರತಿ ವರ್ಷ ಇದರ ಮೇಲ್ವಿಚಾರಣೆ ನೋಡುತ್ತಿದ್ದ ಇತಿಹಾಸದ ಮೇಡಂ ಹೆರಿಗೆ ರಜೆಯಲ್ಲಿದ್ದರು. ಹೀಗಾಗಿ ಅದು ಮಾಲತಿಯ ಹೆಗಲಿಗೆ ಬಿತ್ತು.

"ಮಿಸ್, ನೀವೇನೂ ಮಾಡಬೇಕಾಗಿಲ್ಲ. ಬೆಂಕಿ ಹತ್ತಿಕೊಂಡರೆ ಮಾತ್ರ ಕಿರುಚಿ, ಸಾಕು" ಎಂದಳು ಅಯೆಲೆಟ್. ಕೋಬೆಯಲ್ಲಿ ಹುಟ್ಟಿ ಟೋಕಿಯೋದಲ್ಲಿ ಬೆಳೆದ, ಗುಂಗುರು ಕೂದಲಿನ ಆ ಹುಡುಗಿಯೇ ಆ ವರ್ಷದ ವಿದ್ಯಾರ್ಥಿ ನಾಯಕಿ. ಗಣಿತದಲ್ಲಿ ಸಾಧಾರಣ, ಮಾತಿನಲ್ಲಿ ಮಹಾ ಚುರುಕು.

ಮಂಗಳವಾರ ತಿಂಡಿಯ ದಿನ. ಮೂರು ಮೂಲೆಯ ಒಂದು ಬಿಸ್ಕತ್ತು, ಒಳಗೆ ಸಿಹಿ ಹೂರಣ. ಮಾಲತಿ ಅಡುಗೆಮನೆಯ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ಅಡುಗೆಯ ಒಲೆಯನ್ನು ಯಹೂದಿಗಳೇ ಹಚ್ಚಬೇಕೆಂಬುದು ಅವರ ನಿಯಮ. ಅಯೆಲೆಟ್ ಹಚ್ಚಿದಳು, ಬಾಣಲೆಗೆ ಏನನ್ನೋ ಸುರಿದು ಬೆಚ್ಚಗೆ ಮಾಡತೊಡಗಿದಳು. ಆ ವಾಸನೆ ಮಾಲತಿಯ ಮೂಗಿಗೆ ಬಡಿಯಿತು.

ಗಸಗಸೆ.

ಹಬ್ಬದ ಹಿಂದಿನ ದಿನ ಅಮ್ಮ ಕರ್ಜಿಕಾಯಿಗೆ ಗಸಗಸೆ ಹುರಿಯುತ್ತಿದ್ದಳು. ಸೀದೀತೆಂದು ಬಾಣಲೆ ಬಿಟ್ಟು ಕದಲುತ್ತಿರಲಿಲ್ಲ. ಒಲೆಯ ಮುಂದೆಯೇ ನಿಂತು, ಇನ್ನೊಂದು ಕೈಯಿಂದ ಮಾಲತಿಯ ಜಡೆ ಹಿಡಿದು, "ನಿಂತ್ಕೊಳ್ಳೇ ಒಂದು ನಿಮಿಷ, ಎಲ್ಲಿಗೆ ಓಡ್ತೀಯ" ಎನ್ನುತ್ತಿದ್ದಳು.

"ಮಿಸ್, ಸಿಹಿ ಸರಿಯಾಗಿದೆಯಾ ನೋಡಿ" ಎಂದು ಅಯೆಲೆಟ್ ಚಮಚ ಚಾಚಿದಳು. ಮಾಲತಿ ಬಾಯಿಗಿಟ್ಟುಕೊಂಡಳು. ಪಕ್ಕದ ಉಗ್ರಾಣಕ್ಕೆ ಹೋಗಿ, ಮೈದಾಹಿಟ್ಟಿನ ಚೀಲದ ಮೇಲೆ ಕುಳಿತು, ಎರಡು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಅಳುವನ್ನೆಲ್ಲ ಒಮ್ಮೆಗೇ ಅತ್ತಳು.

ಸ್ವಲ್ಪ ಹೊತ್ತಿಗೆ ಯಾರೋ ಪಕ್ಕದಲ್ಲಿ ನೆಲದ ಮೇಲೆ ಕುಳಿತಂತಾಯಿತು. ಅಯೆಲೆಟ್. ಏನಾಯಿತು ಎಂದು ಕೇಳಲಿಲ್ಲ. ಕೈ ತುಂಬ ಹಿಟ್ಟು ಮೆತ್ತಿಕೊಂಡು ಸುಮ್ಮನೆ ಕುಳಿತೇ ಇದ್ದಳು.

"ನನ್ನ ತಾಯಿ ಹೋದರು. ಜನವರಿಯಲ್ಲಿ" ಎಂದಳು ಮಾಲತಿ ಕೊನೆಗೆ.

"ಜನವರಿಯಲ್ಲಾ? ನಿಮ್ಮ ಜೊತೆ ಯಾರು ಕೂತಿದ್ದರು?"

ಮಾಲತಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅಯೆಲೆಟ್ ಬಿಡಿಸಿ ಹೇಳಿದಳು. ಅವರಲ್ಲಿ ಸಾವಾದ ಮನೆಯವರು ಏಳು ದಿನ ಮನೆಯಲ್ಲೇ ಕೂರುತ್ತಾರೆ. ಊರಿನವರು ಅಡುಗೆ ಮಾಡಿಕೊಂಡು ಬರುತ್ತಾರೆ. ಬಂದವರು ಬೆಲ್ ಒತ್ತುವ ಹಾಗಿಲ್ಲ, ಬಾಗಿಲು ತೆಗೆದೇ ಇರುತ್ತದೆ. ಮೊದಲು ಮಾತಾಡುವ ಹಾಗೂ ಇಲ್ಲ. ದುಃಖದಲ್ಲಿರುವವರು ಮಾತಾಡಿದರೆ ಕೇಳಿಸಿಕೊಳ್ಳುವುದು, ಇಲ್ಲದಿದ್ದರೆ ಸುಮ್ಮನೆ ಕೂತು ಎದ್ದು ಬರುವುದು.

"ನನ್ನ ಜೊತೆ ಯಾರೂ ಕೂರಲಿಲ್ಲ. ಜ್ವರ ಇತ್ತು" ಎಂದಳು ಮಾಲತಿ.

"ನಾಳೆ ಬರುತ್ತೇವೆ."

"ಬೇಡಮ್ಮ. ಇದು ನೀವು ಖುಷಿಯಾಗಿರಬೇಕಾದ ವಾರ."

"ನಾಳೆಯ ಕೆಲಸವೇ ಹೋಗಿ ಬರುವುದು, ಮಿಸ್. ಒಂದು ಗುಂಪು ವೃದ್ಧಾಶ್ರಮಕ್ಕೆ ಹೋಗುತ್ತದೆ, ಇನ್ನೊಂದು ನಿಶಿ ಕಸಾಯಿಗೆ."

ಅವಳು ಆಗಲೇ ರಬ್ಬಿಯವರ ಕೋಣೆಯ ಕಡೆ ನಡೆದಿದ್ದಳು. ಏಳು ದಿನ ಯಾವಾಗಲೋ ಕಳೆದುಹೋಗಿದೆಯಲ್ಲ, ಈಗ ಹೋಗಬಹುದೇ ಎಂದು ಅವರನ್ನು ಕೇಳಿದಳಂತೆ. ಒಬ್ಬರನ್ನು ನೋಡಿ ಬರುವುದಕ್ಕೆ ತಡವೆಂಬುದಿಲ್ಲ ಎಂದರಂತೆ ಅವರು.

ಮನೆಯಲ್ಲಿ ದ್ವಾರಕಾನಾಥ ಗಾಬರಿಯಾದ. "ಎಷ್ಟು ಜನ ಬರ್ತಾರೆ? ಏನು ಕೊಡೋದು ಅವರಿಗೆ?"

"ನಮ್ಮ ಪಾತ್ರೆಯಲ್ಲಿ ಅವರು ತಿನ್ನೋ ಹಾಗಿಲ್ಲ ಕಣ್ರೀ. ಇಡೀ ಹಣ್ಣು ಆಗುತ್ತೆ."

ಅವನು ಮರುದಿನ ಅರ್ಧ ದಿನ ರಜೆ ಹಾಕಿದ. ಎಷ್ಟೋ ವರ್ಷಗಳಲ್ಲಿ ಹಾಗೆ ರಜೆ ಹಾಕಿದವನಲ್ಲ. ಹತ್ತಿರದ ಕೊಂಬಿನಿ ಅಂಗಡಿಗೆ ಹೋಗಿ ಬಾಳೆಹಣ್ಣು, ಕಿತ್ತಳೆ, ಪೇಪರ್ ಲೋಟ ತಂದ. ಜಾಹ್ನವಿಗೂ ಫೋನು ಮಾಡಿ ಬರಹೇಳಿದ. ಆಮೇಲೆ ಒಂದು ತೊಡಕು ಹೊಳೆಯಿತು. ಮನೆಯ ಬಾಗಿಲು ತೆರೆದಿಡಬಹುದು, ಆದರೆ ಅವರ ಬಿಲ್ಡಿಂಗಿನ ಕೆಳಗಿನ ಗಾಜಿನ ಬಾಗಿಲು ತಾನಾಗಿಯೇ ಲಾಕ್ ಆಗುವಂಥದ್ದು. ಬೆಲ್ ಒತ್ತದೆ ಯಾರೂ ಒಳಗೆ ಬರಲಾಗದು.

"ನಾನು ಹೋಗಿ ಹಿಡ್ಕೊಂಡು ನಿಂತ್ಕೋತೀನಿ" ಎಂದ ದ್ವಾರಕಾನಾಥ.

ಹಾಗೇ ನಿಂತ. ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು, ಹೋಗಿಬರುವ ನೆರೆಯವರಿಗೆಲ್ಲ ತಲೆಬಾಗಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ, ಕಾವಾಸಾಕಿಯ ಸೀನಿಯರ್ ಎಂಜಿನಿಯರು ಅರ್ಧ ಗಂಟೆ ದ್ವಾರಪಾಲಕನಾದ. ಮೂರನೇ ಮಹಡಿಯ ಅಜ್ಜಿಯೊಬ್ಬರು ಬಾಗಿಲು ಕೆಟ್ಟಿದೆಯೆಂದು ತಿಳಿದು, ಪಾಪ, ರಿಪೇರಿಯವರಿಗೆ ಫೋನು ಮಾಡಲೇ ಎಂದು ಕೇಳಿ ಹೋದರು.

ಎಂಟು ಮಕ್ಕಳು ಬಂದರು. ಅಯೆಲೆಟ್ ಕೈಯಲ್ಲಿ ಶಾಲೆಯ ದೊಡ್ಡ ಪಾತ್ರೆ, ಅದರ ತುಂಬ ಬೇಳೆಯ ಸಾರು. ಇಂಥ ಮನೆಗೆ ಬೇಯಿಸಿದ ಮೊಟ್ಟೆ ತರುವುದು ವಾಡಿಕೆ, ಆದರೆ ನೀವು ಮೊಟ್ಟೆ ತಿನ್ನುವುದಿಲ್ಲವಲ್ಲ ಎಂದು ಬೇಳೆ ಮಾತ್ರ ತಂದೆವು ಎಂದು ಜಾಹ್ನವಿಯ ಕಿವಿಯಲ್ಲಿ ಜಪಾನಿಯಲ್ಲಿ ಹೇಳಿ, ಶೂ ಬಿಚ್ಚಿ ಜೋಡಿಸಿಟ್ಟು ಒಳಗೆ ಬಂದಳು. ಎಲ್ಲರೂ ನೆಲದ ಮೇಲೆ ಕುಳಿತರು. ಯಾರೂ ಮಾತಾಡಲಿಲ್ಲ. ಶಾಲೆಯಲ್ಲಿ ಎರಡು ನಿಮಿಷ ಬಾಯಿ ಮುಚ್ಚದ ಮಕ್ಕಳು ಅವರು!

ಮಾಲತಿ ಮಗಳ ಪಕ್ಕದಲ್ಲಿ ಕುಳಿತಿದ್ದಳು. ಹೊರಗೆ ಟೋಜಾಯಿ ಲೈನಿನ ಟ್ರೇನು ಸೇತುವೆಯ ಮೇಲೆ ಹೋದ ಸದ್ದು ಕೇಳಿತು. ಆಮೇಲೆ ಅವಳೇ ಬಾಯಿಬಿಟ್ಟಳು.

"ನಮ್ಮಮ್ಮ ಪಿ.ಟಿ. ಟೀಚರ್ ಆಗಿದ್ದರು. ಸೀರೆಯ ಮೇಲೆ ಕ್ಯಾನ್ವಾಸ್ ಶೂ ಹಾಕುತ್ತಿದ್ದರು."

ಮಕ್ಕಳ ಮುಖಗಳು ಅರಳಿದವು. ಮಾಲತಿ ಹೇಳುತ್ತ ಹೋದಳು. ತಾನು ಓದಿದ್ದು ಅಮ್ಮ ಕೆಲಸ ಮಾಡುತ್ತಿದ್ದ ಶಾಲೆಯಲ್ಲೇ. ಆಟವೆಂದರೆ ತನಗೆ ಆಗದು, ಅಮ್ಮನಿಗೆ ಆಟವೇ ಪ್ರಾಣ. ಏಳನೇ ಕ್ಲಾಸಿನಲ್ಲಿ ಖೋಖೋ ಪಂದ್ಯ, ಅಂಪೈರು ಅಮ್ಮನೇ. ಒಬ್ಬರು ಅಟ್ಟಿಸಿಕೊಂಡು ಬರುವುದು, ಉಳಿದವರು ತಪ್ಪಿಸಿಕೊಂಡು ಓಡುವುದು, ಮುಟ್ಟಿದರೆ ಔಟ್ ಎಂದು ಆಟವನ್ನೂ ವಿವರಿಸಿದಳು. ಆ ಒಂದೇ ದಿನ ಅದೇನಾಯಿತೋ, ಮಾಲತಿ ಚಿಗರೆಯ ಹಾಗೆ ಓಡಿದಳು. ಅಟ್ಟಿಸಿಕೊಂಡು ಬಂದವಳಿಗೆ ಸಿಕ್ಕಿದ್ದು ಅವಳ ಜಡೆಯ ರಿಬ್ಬನ್ನಿನ ತುದಿ ಮಾತ್ರ. ಅಮ್ಮ ಸೀಟಿ ಊದಿ ಕೈ ತೋರಿಸಿದರು. ಔಟ್.

"ಸ್ವಂತ ಮಗಳನ್ನ! ನಾನು ಅಂಗಳದಲ್ಲೇ ನಿಂತು ಜಗಳ ಆಡಿದೆ. ಮನೆಗೆ ಬಂದ ಮೇಲೂ ಆಡಿದೆ. ಮೊನ್ನೆ ಡಿಸೆಂಬರಿನಲ್ಲಿ ಫೋನ್ ಮಾಡಿದಾಗಲೂ ಕೇಳಿದೆ, ಅಮ್ಮಾ, ಈಗಲಾದರೂ ಒಪ್ಕೋ, ನಾನು ಔಟ್ ಆಗಿರಲಿಲ್ಲ ಅಂತ. ಏನಂದರು ಗೊತ್ತಾ? 'ನೀನು ಔಟೇ ಕಣೇ' ಅಂದರು."

ಮೂಲೆಯಲ್ಲಿದ್ದ ಒಬ್ಬಳು ಮೆಲ್ಲಗೆ, "ಆದರೆ ಮಿಸ್, ರಿಬ್ಬನ್ ಮೈಯ ಭಾಗವೇ?" ಎಂದಳು.

ಅಷ್ಟೇ ಸಾಕಾಯಿತು. ಧರ್ಮಗ್ರಂಥದ ಒಂದೊಂದು ಪದಕ್ಕೂ ಗಂಟೆಗಟ್ಟಲೆ ವಾದ ಮಾಡಿ ಬೆಳೆದ ಮಕ್ಕಳು. ರಿಬ್ಬನ್ನು ಬಟ್ಟೆಯಿದ್ದ ಹಾಗೆ, ಬಟ್ಟೆ ಮುಟ್ಟಿದರೆ ಔಟೆಂದರೆ ಇದೂ ಔಟೇ ಎಂದ ಒಬ್ಬ. ಬಟ್ಟೆಯಿಲ್ಲದೆ ಆಟಕ್ಕೆ ಬರಲಾಗದು, ರಿಬ್ಬನ್ನಿಲ್ಲದೆ ಬರಬಹುದು, ಆದ್ದರಿಂದ ಎರಡೂ ಒಂದಲ್ಲ ಎಂದಳು ಇನ್ನೊಬ್ಬಳು. ಗಂಟು ಬಿಗಿಯಾಗಿತ್ತೋ ಸಡಿಲವಾಗಿತ್ತೋ ಎಂದು ಮತ್ತೊಬ್ಬನ ಪ್ರಶ್ನೆ. ಮಕ್ಕಳ ಹಿಂದೆಯೇ ಮೇಲೆ ಬಂದಿದ್ದ ದ್ವಾರಕಾನಾಥನೂ ಮನೆಯ ಬಾಗಿಲ ಬಳಿಯಿಂದಲೇ, ಎಳೆತ ತಲೆಗೆ ತಿಳಿದಿದ್ದರೆ ಮುಟ್ಟಿದಂತೆಯೇ ಲೆಕ್ಕ ಎಂದು ಎಂಜಿನಿಯರಿನ ತೀರ್ಪು ಕೊಟ್ಟ.

"ರೀ, ನೀವು ಯಾರ ಕಡೆ?" ಎಂದಳು ಮಾಲತಿ.

"ಅಜ್ಜಿ ವಾಸ್ ರೈಟ್, ಅಮ್ಮ" ಎಂದಳು ಜಾಹ್ನವಿ. "ಆಬ್ವಿಯಸ್ಲಿ ಔಟ್."

ಮಾಲತಿ ನಕ್ಕಳು. ನಗುತ್ತ ನಗುತ್ತಲೇ ಕಣ್ಣಿನಿಂದ ನೀರು ಹರಿಯಿತು. ಈ ಸಲ ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಜಾಹ್ನವಿ ಅವಳ ಕೈ ಹಿಡಿದುಕೊಂಡಳು. ಅಜ್ಜಿ ಸೀರೆಯ ಮೇಲೆ ಶೂ ಹಾಕುತ್ತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಇನ್ನೂ ಹೇಳು ಎಂದಳು, ಕನ್ನಡದಲ್ಲಿ. ಮಾಲತಿ ಇನ್ನೂ ಹೇಳಿದಳು. ಕತ್ತಲಾಗುವ ಮುಂಚೆ ಮಕ್ಕಳು ಎದ್ದರು, ಒಂದೊಂದು ಕಿತ್ತಳೆ ಜೇಬಿಗಿಳಿಸಿ, ಬಂದಷ್ಟೇ ಮೆತ್ತಗೆ ಹೊರಟರು.

ಅವರು ಹೋದ ಮೇಲೆ ಮೂವರೂ ಬೇಳೆಯ ಸಾರು ಬಡಿಸಿಕೊಂಡರು. ಉಪ್ಪು ಕಡಿಮೆ, ಖಾರವಂತೂ ಇಲ್ಲವೇ ಇಲ್ಲ. ದ್ವಾರಕಾನಾಥ ಉಪ್ಪಿನಕಾಯಿ ಡಬ್ಬಿಗೆ ಕೈ ಹಾಕಿದವನು, ಹೆಂಡತಿ ಹಾಗೇ ಉಣ್ಣುವುದನ್ನು ಕಂಡು ತಾನೂ ಹಾಗೇ ಉಂಡ.

ಗುರುವಾರ ವೇಷದ ದಿನ. ಗುರು ಶಿಷ್ಯರು ಅದಲುಬದಲಾಗುವುದು ಅಂದಿನ ಪದ್ಧತಿ. ಮಾಲತಿ ಹಿಂದಿನ ಬೆಂಚಿನಲ್ಲಿ ಕುಳಿತಳು. ಅಯೆಲೆಟ್ ಜಾಹ್ನವಿಯಿಂದ ಎರವಲು ತಂದ ದುಪಟ್ಟಾ ಹೊದ್ದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬೋರ್ಡಿನ ಮುಂದೆ ನಿಂತು, "ಸ್ಟೆಪ್ಸ್ ಬರೆಯದಿದ್ದರೆ ಮಾರ್ಕ್ಸ್ ಇಲ್ಲ. ಉತ್ತರ ದೇವರೇ ಬಂದು ಹೇಳಿದರೂ ಮಾರ್ಕ್ಸ್ ಇಲ್ಲ!" ಎಂದು ಥೇಟ್ ಮಾಲತಿಯ ದನಿಯಲ್ಲಿ ಗದರಿಸಿದಳು. ಮಾಲತಿ ಡೆಸ್ಕಿನ ಮೇಲೆ ತಲೆಯಿಟ್ಟು ನಕ್ಕಳು. ತಮ್ಮ ಗಣಿತದ ಮಿಸ್ ಹೀಗೆ ಹೊಟ್ಟೆ ಹಿಡಿದು ನಗಬಲ್ಲರು ಎಂದು ಮಕ್ಕಳಿಗೆ ಅಂದೇ ತಿಳಿದದ್ದು.

ಶುಕ್ರವಾರ ಹಾಡು ಮುಗಿದು, ಸಂಜೆಗೆ ಅವರ ವಾರದ ವಿಶ್ರಾಂತಿ ಶುರುವಾಗುವುದರಿಂದ ಶಾಲೆ ಬೇಗ ಬಿಟ್ಟಿತು. ಮಾಲತಿ ಟ್ರೇನಿನಲ್ಲಿ ಮೊಬೈಲನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದಳು. ಅಲ್ಲಿ ಟ್ರೇನಿನೊಳಗೆ ಫೋನಿನಲ್ಲಿ ಮಾತಾಡುವುದು ಮರ್ಯಾದೆಯಲ್ಲ. ನಿಶಿ ಕಸಾಯಿಯಲ್ಲಿ ಇಳಿದವಳು ಮೆಟ್ಟಿಲ ಕಡೆ ಹೋಗದೆ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ತಮ್ಮನಿಗೆ ಫೋನು ಹಚ್ಚಿದಳು.

"ಏನಕ್ಕ, ಇಷ್ಟು ಹೊತ್ತಲ್ಲಿ? ಹುಷಾರಾಗಿದೀಯ ತಾನೆ?"

"ಹುಷಾರಾಗಿದೀನಿ ಕಣೋ. ಸುಮ್ಮನೆ ಮಾಡಿದೆ. ಅಮ್ಮನ ವಿಷಯ ಮಾತಾಡೋಣ ಅನ್ನಿಸ್ತು."

ಆ ಕಡೆ ಹೃಷಿಕೇಶ ಮಾತಾಡಲಿಲ್ಲ. ಮಾಲತಿಯೂ ಆತುರಪಡಿಸಲಿಲ್ಲ. ಎದುರಿಗೆ ಒಂದು ಟ್ರೇನು ಬಂದು ನಿಂತು ಹೋಯಿತು.

"ನೀನು ಅವತ್ತಿಂದ ಏನೂ ಕೇಳಲೇ ಇಲ್ಲ ಅಕ್ಕ" ಎಂದ ಅವನು ಕೊನೆಗೆ. ದನಿ ಒಡೆದಿತ್ತು. "ನಾನೂ ಯಾರ ಹತ್ರ ಹೇಳಲಿ ಅಂತ..."

"ಈಗ ಹೇಳು. ನಾನು ಇಲ್ಲೇ ಕೂತಿದೀನಿ."

ಅವನು ಹೇಳಿದ. ಅಂದಿನ ಬೆಳಗಿನ ಕಾಫಿಯಿಂದ ಹಿಡಿದು ಎಲ್ಲವನ್ನೂ. ಹೆಂಡತಿ ಅಮ್ಮನ ಬೀರುವನ್ನು ಇನ್ನೂ ತೆರೆದಿಲ್ಲ, ಅಕ್ಕ ಬರಲಿ ಎಂದು ಕಾಯುತ್ತಿದ್ದಾಳೆ ಎಂದೂ ಹೇಳಿದ. ಮಾಲತಿ ನಡುವೆ ಮಾತಾಡದೆ ಕೇಳಿಸಿಕೊಂಡಳು. ಮಾರ್ಚ್ ಕೊನೆಯ ರಜೆಗೆ ಬರುತ್ತೇನೆ, ಜಾಹ್ನವಿಯೂ ಬರುತ್ತಾಳಂತೆ ಎಂದಳು. ಅಜ್ಜಿ ಆಡಿಸುತ್ತಿದ್ದ ಅಂಗಳ ನೋಡಬೇಕೆಂದು ಅವಳದೇ ಹಟ.

"ಆ ಸ್ಕೂಲು ಈಗಲೂ ಇದೆಯಕ್ಕ. ಅಂಗಳನೂ ಹಾಗೇ ಇದೆ. ಕರ್ಕೊಂಡು ಬಾ" ಎಂದ ಹೃಷಿಕೇಶ.