ಬೂದಿ ತೊಳೆದ ಗೋಧಿ

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಎರಡು ತಗಡಿನ ಡಬ್ಬಿಗಳಿವೆ. ಎತ್ತರವೂ ಒಂದೇ, ಮುಚ್ಚಳದ ತುಕ್ಕೂ ಒಂದೇ. ನೀವಾಗಿದ್ದರೆ ಯಾವುದನ್ನು ಇಳಿಸುತ್ತಿದ್ದಿರೋ ಕಾಣೆ. ನಾನು ಇಳಿಸಿದ್ದು ತಪ್ಪು ಡಬ್ಬಿಯನ್ನು.

ಆವತ್ತು ಅತ್ತೆ ಗಡಹಿಂಗ್ಲಜದಲ್ಲಿರುವ ತಮ್ಮನ ಮನೆಗೆ ಹೋಗಿದ್ದರು. ಮುಂಜಾನೆ ಅಲ್ಲಿಂದಲೇ ಫೋನು ಮಾಡಿ, "ಬನ್ಸಿ ಗೋದಿ ತೊಯ್ಸಿ ಅರಿವ್ಯಾಗ ಕಟ್ಟಿಡವಾ. ಸಂಜಿಕ ಬರ್ತೇನಿ, ನಾಳೆ ಗಿರಣಿಗೆ ಹಾಕೋಣು," ಎಂದರು. ಬೇಸಿಗೆಯ ಶಾವಿಗೆಗೆ ಬನ್ಸಿಯೇ ಬೇಕು. ಜೇನುಬಣ್ಣದ ಈ ಗಟ್ಟಿ ಗೋಧಿಯ ರವೆಯನ್ನು ನಾದಿ ಎಳೆದರೆ ಎಳೆ ಹರಿಯದು, ಹಾಲಿನಲ್ಲಿ ಕುದಿಸಿದರೂ ಮುದ್ದೆಯಾಗದು. ನಮ್ಮೂರು ಇಚಲಕರಂಜಿಯ ಅಂಗಡಿಯ ಗೋಧಿ ಚಪಾತಿಗೆ ಮೆತ್ತಗೆ ಒದಗುತ್ತದೆ. ಶಾವಿಗೆಗೆ ಬಂದರೆ ನಡುವಿನಲ್ಲೇ ಕೈಕೊಡುತ್ತದೆ.

ಡಬ್ಬಿ ತೆರೆದರೆ ಕಾಳಿನ ತುಂಬ ಬೂದಿ. ನೇಕಾರರ ಮನೆಯಲ್ಲಿ ಬೆಳೆದವಳು ನಾನು. ನೂಲಿಗೆ ಹಚ್ಚುವ ಗಂಜಿ ಗೊತ್ತು, ಕಾಳಿಗೆ ಹಚ್ಚುವ ಬೂದಿ ಗೊತ್ತಿರಲಿಲ್ಲ. ಮೂರು ಸಲ ನೀರು ಬದಲಿಸಿ, ಗುರುತೂ ಉಳಿಯದಂತೆ ತೊಳೆದು ಬಟ್ಟೆಯಲ್ಲಿ ಗಂಟು ಕಟ್ಟಿದೆ.

ಸಂಜೆ ಬಂದ ಅತ್ತೆ ಗಂಟು ಮುಟ್ಟಿ ನೋಡಿದರು.

"ಇದರಾಗ ಬೂದಿ ಇತ್ತೇನ?"

"ಹೌದ್ರಿ, ಭಾಳ ಹೊಲಸಾಗಿತ್ತು. ಸ್ವಚ್ಛ ತೊಳ್ದೇನ್ರಿ."

ಅವರು ಅಲ್ಲೇ ಕೂತುಬಿಟ್ಟರು. "ಬೀಜದ್ದವಾ ಅದು, ಹುಳ ಹತ್ತಬಾರದಂತ ಬೂದಿ ಹಚ್ಚಿದ್ದೆ. ತಮ್ಮ ಎಲ್ಲಾ ಕಬ್ಬ ಹಚ್ಯಾನ, ನನ್ನ ಗೋದಿಗಂತ ಒಂದ ಪಟ್ಟಿ ಬಿಟ್ಟಾನ. ಬ್ಯಾರೆ ಯಾರ ಕಡೆನೂ ಈ ಬೀಜ ಉಳದಿಲ್ಲ."

ನಾನು ಗಂಟು ಬಿಚ್ಚಿದೆ. ಅತ್ತೆ ಒಂದು ಕಾಳನ್ನು ಹಲ್ಲಿಗಿಟ್ಟು ಕಡಿದರು. ಟಕ್ ಎಂದಿತು. "ಒಳಗ ಇನ್ನೂ ಗಟ್ಟಿ ಐತಿ. ನೆರಳಾಗ ಹರವು. ತೊಳಿಯೂದರಾಗ ಭಾಳ ಹುಷಾರಿ ಅದಿ ನೋಡ, ಕೇಳೂದರಾಗ ಅಷ್ಟ ಇಲ್ಲ!"

ಕಾಳು ಹರವುತ್ತ ನನಗೆ ಹೊಳೆದದ್ದು, ಹೊಳೆದು ಇಂದಿಗೂ ಬಗೆಹರಿಯದೆ ಉಳಿದದ್ದು ಇದು: ಶಾವಿಗೆಗೂ ಮೊಳಕೆಗೂ ಮೊದಲ ಕೆಲಸ ಒಂದೇ. ತೊಯಿಸುವುದು, ಬಟ್ಟೆಯಲ್ಲಿ ಕಟ್ಟುವುದು, ಕಾಯುವುದು. ನೀರು ಬಂದದ್ದು ಗಿರಣಿಯ ಕಡೆಯಿಂದಲೋ ಹೊಲದ ಕಡೆಯಿಂದಲೋ ಎಂದು ಕಾಳಿಗೆ ಹೇಗೆ ತಿಳಿಯಬೇಕು? ನನಗೇ ತಿಳಿಯಲಿಲ್ಲವಲ್ಲ.

ಇನ್ನೊಂದು ಡಬ್ಬಿಯಲ್ಲಿದ್ದ ತಿನ್ನುವ ಬನ್ಸಿಯಿಂದ ಶಾವಿಗೆಯಾಯಿತು. ಹರವಿದ್ದು ಒಣಗಿದ ಮೇಲೆ, ಮೊಳೆಯುತ್ತವೋ ಎಂದು ನೋಡಲು ಹತ್ತು ಕಾಳು ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮೂರನೆಯ ದಿನ ನಾಲ್ಕಕ್ಕೆ ಬಿಳಿ ಮೊಳಕೆ ಬಂದಿತ್ತು.

"ನಾಕರ ಬದಕ್ಯಾವಲ್ಲ," ಎಂದರು ಅತ್ತೆ.

"ಇವನ್ನೇನ ಮಾಡ್ಲಿರಿ?"

"ಈ ಬಿಸಲಾಗ ಎಲ್ಲಿ ಬಿತ್ತತಿ? ಬಾಯಾಗ ಹಾಕ್ಕೋ."

ತಾವು ಬದುಕಿದ್ದೇವೆಂದು ತೋರಿಸಿದ ತಪ್ಪಿಗೇ ಆ ನಾಲ್ಕನ್ನು ತಿಂದೆ. ಸಿಹಿಯಾಗಿದ್ದವು. ಹಾಗಿದ್ದುದು ಯಾಕೋ ಸರಿಯೆನಿಸಲಿಲ್ಲ.

ಉಳಿದ ಕಾಳನ್ನು ಡಬ್ಬಿಗೆ ತುಂಬಿ, ಹಿಡಿಕೆಗೆ ತವರಿನ ಮಗ್ಗದ ಕೆಂಪು ನೂಲೊಂದನ್ನು ಕಟ್ಟಿದ್ದೇನೆ. ಇನ್ನು ಡಬ್ಬಿ ತಪ್ಪುವುದಿಲ್ಲ. ಆದರೆ ದೀಪಾವಳಿ ಕಳೆದು ಬಿತ್ತುವತನಕ, ಒಳಗೆ ಬದುಕಿದ ಕಾಳು ಯಾವುದು, ಸತ್ತದ್ದು ಯಾವುದು ಎಂದು ನೋಡಿ ಹೇಳುವಂತಿಲ್ಲ. ಎಲ್ಲಕ್ಕೂ ಒಂದೇ ಬೂದಿ ಹಚ್ಚಿದ್ದೇನೆ.