ಕೋಳಿ ಅಂಗಡಿಯ ಅಕ್ಕ ಬರೆಸಿದ ಇಂಗ್ಲಿಷ್ ಪತ್ರಿಕೆ

ಕೋಳಿ ಅಂಗಡಿಯಲ್ಲಿ ಅಣ್ಣ ಗಲ್ಲಾದ ಮುಂದೆ ಕೂರುತ್ತಿದ್ದ, ತಂಗಿ ಕತ್ತಿ ಹಿಡಿಯುತ್ತಿದ್ದಳು. ಅಪ್ಪ ಸತ್ತಾಗ ಅವಳಿಗೆ ಹದಿನೇಳು. ಅಂದಿನಿಂದ ದಿನಕ್ಕೆ ಅರವತ್ತು ಎಪ್ಪತ್ತು ಕುತ್ತಿಗೆ. ಅವಳಿಗಿಂತ ಹಿರಿಯ ಗಿರಾಕಿಗಳೂ ಅಕ್ಕ ಎನ್ನುತ್ತಿದ್ದರು. ಕೈಯಲ್ಲಿ ಕತ್ತಿ ಇರುವವಳನ್ನು ಇನ್ನೇನು ಅಂದಾರು?

ಮೂವತ್ತಕ್ಕೆ ಅವಳು ಸಂಜೆ ಕಾಲೇಜು ಸೇರಿ ಬಿ.ಎ.ಗೆ ಇಂಗ್ಲಿಷ್ ತೆಗೆದುಕೊಂಡಳು. ಮೊದಲ ವರ್ಷ ಅವಳನ್ನು ಅಳಿಸಿದ್ದು ಎ, ಆ್ಯನ್, ದಿ ಎಂಬ ಮೂರು ಚಿಲ್ಲರೆ ಪದಗಳು. ನಮ್ಮ ಮಾತಿನಲ್ಲಿ ಇಲ್ಲದ ಅವು ಎಲ್ಲಿ ಬರುತ್ತವೆ, ಎಲ್ಲಿ ಬರುವುದಿಲ್ಲ ಎಂಬುದು ತಲೆಗೆ ಹತ್ತಲೊಲ್ಲದು. ಕೊನೆಗೆ ಹತ್ತಿದ್ದು ಅಂಗಡಿಯಲ್ಲೇ. ಗಿರಾಕಿ "ಒಂದು ಕೋಳಿ ಕೊಡಿ" ಅಂದಾಗ ಅದು 'ಎ'. ಪಂಜರದಲ್ಲಿರುವ ಯಾವುದಾದರೂ ಆಗಬಹುದು. ಕೈ ಹಾಕಿ ಒಂದರ ಕಾಲು ಹಿಡಿದು ಎಳೆದ ಮೇಲೆ ಅದು 'ದಿ'. ತರಗತಿಯಲ್ಲಿ ಇದನ್ನು ಹೇಳಿದಾಗ ಮುಂದಿನ ಬೆಂಚಿನ ಹುಡುಗಿ ನಗು ತಡೆಯಲು ಬಾಯಿ ಮುಚ್ಚಿಕೊಂಡಳು. ಮೇಡಂ ಮಾತ್ರ, "ಇಷ್ಟು ಸಲೀಸಾಗಿ ನನಗೇ ಹೇಳೋಕೆ ಬಂದಿಲ್ಲ" ಎಂದರು.

ಅಣ್ಣನಿಗೆ ಓದಿನ ಮೇಲೆ ಹಗೆ ಇರಲಿಲ್ಲ. ಅವನಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತು, ಅಷ್ಟೇ. ತಂಗಿ ಹೋದರೆ ಅಂಗಡಿಗೆ ಬೀಗ. ಆ ಭಯವನ್ನೆಲ್ಲ ಅವಳ ಬೆನ್ನ ಮೇಲೆ ತೀರಿಸುತ್ತಿದ್ದ. ರಕ್ತ ಬರದ ಹಾಗೆ ಹೊಡೆಯುವುದರಲ್ಲಿ ಪಳಗಿದ ಕೈ. ಎರಡನೇ ವರ್ಷ ಅವಳ ವ್ಯಾಕರಣದ ಪುಸ್ತಕವನ್ನು ಪುಕ್ಕ ಕೀಳಲು ಕಾಯಿಸಿದ್ದ ಕುದಿನೀರಿಗೆ ಎಸೆದ. ತೆಗೆಯಲು ಹೋದವಳ ಕತ್ತು ಹಿಡಿದು ಹಬೆಯ ಮೇಲೆ ಬಗ್ಗಿಸಿ, "ಓದು, ಈಗ ಓದು ನೋಡೋಣ!" ಎಂದ. ಅವಳ ಗದ್ದವೆಲ್ಲ ಬೊಬ್ಬೆ ಎದ್ದಿತು. ಅಮ್ಮ ಮುಲಾಮು ಹಚ್ಚುತ್ತಾ, "ಅಣ್ಣ ತಾನೇ, ಹೊರಗಿನವರು ಹೊಡೆದ್ರಾ?" ಎಂದಳು.

ಕೊನೆಯ ವರ್ಷದ ವ್ಯಾಕರಣ ಪತ್ರಿಕೆ ಬೆಳಗ್ಗೆ ಹತ್ತಕ್ಕೆ ಇತ್ತು. ಅವಳು ಇಪ್ಪತ್ತು ಕೋಳಿ ಮುಗಿಸಿ, ಕೈ ತೊಳೆದು, ಪ್ರವೇಶಪತ್ರ ಎತ್ತಿಕೊಂಡಳು. ಅಣ್ಣ ಒಳಗಿನಿಂದ ಷಟರ್ ಎಳೆದ. ಅವಳು ಬಗ್ಗಿ ಬಲಗೈ ಅಡ್ಡ ಕೊಟ್ಟಳು. ಬೆರಳುಗಳು ಷಟರಿಗೂ ಹೊಸ್ತಿಲ ಕಬ್ಬಿಣಕ್ಕೂ ನಡುವೆ ಸಿಕ್ಕಿಕೊಂಡದ್ದು ಕಂಡ ಮೇಲೂ ಅವನು ಷಟರಿನ ಅಂಚನ್ನು ತುಳಿದ. ಎರಡನೇ ಸಲ ತುಳಿದಾಗ ಮೂಳೆ ಮುರಿದ ಸದ್ದು ಅವನಿಗೂ ಕೇಳಿಸಿತು.

ರಕ್ತ ಹರಿದು ಅವನ ಚಪ್ಪಲಿಗೆ ಬಂತು. ಅವನು ಗೋಡೆಗೆ ಒರಗಿ ಹಾಗೇ ಕುಸಿದ. ಅವಳು ಕೈ ಕಿತ್ತುಕೊಂಡು, ಎಡಗೈಯಲ್ಲಿ ಕತ್ತಿ ತೆಗೆದು ಅವನ ಗಂಟಲಿಗೆ ಇಟ್ಟಳು. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂಬುದು ಅವಳಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಚರ್ಮ ಕೂದಲೆಳೆಯಷ್ಟು ಬಿರಿಯಿತು.

"ಎತ್ತು ಷಟರ್."

ಅವನು ಗೋಡೆ ಹಿಡಿದು ಎದ್ದು ಎತ್ತಿದ. ಹೊರಗೆ ಹೋಗುವ ಮುನ್ನ ಅವಳು ಕತ್ತಿಯ ಹಿಡಿಯಿಂದ ಅವನ ಬಾಯಿಗೆ ಬಾರಿಸಿದಳು. ಎರಡು ಹಲ್ಲು ನೆಲಕ್ಕೆ ಬಿದ್ದವು.

ಕೈಗೆ ಸುತ್ತಿದ್ದ ಟವೆಲು ನೋಡಿ ಪರೀಕ್ಷಾ ಮೇಲ್ವಿಚಾರಕರು ಗಾಬರಿಯಾದರು. "ಮೊದಲು ಆಸ್ಪತ್ರೆಗೆ ಹೋಗಮ್ಮ!"

"ಆಸ್ಪತ್ರೆ ಎಲ್ಲಿಗೂ ಹೋಗಲ್ಲ ಸರ್. ಪತ್ರಿಕೆ ಒಂದು ಗಂಟೆಗೆ ಮುಗಿದುಹೋಗುತ್ತೆ. ಬರೆಯೋಕೆ ಒಬ್ಬರನ್ನ ಕೊಡಿ."

ಮೇಡಂ ಓಡಾಡಿ ಅನುಮತಿ ಕೊಡಿಸಿದರು. ಬರೆಯಲು ಸಿಕ್ಕಿದ್ದು ಮೊದಲ ವರ್ಷದ ವಾಣಿಜ್ಯದ ಹುಡುಗಿ. ಅಕ್ಕ ಒಂದೊಂದು ಪದ, ಒಂದೊಂದು ಕಾಮಾ, ಒಂದೊಂದು ದೊಡ್ಡಕ್ಷರವನ್ನೂ ಬಿಡಿಸಿ ಹೇಳಿ ಬರೆಸಿದಳು.

"'ನಾಯ್ದರ್ ದಿ ಟೀಚರ್ ನಾರ್ ದಿ ಕ್ಲರ್ಕ್.' ಆಮೇಲೆ 'ವಾಸ್' ಬರಿ."

"ಇಬ್ಬರಿದ್ದಾರಲ್ಲಕ್ಕಾ, 'ವರ್' ಅಲ್ವಾ?"

"ಹೇಳಿದಷ್ಟು ಬರಿ ತಾಯಿ. ಕೊನೆಯಲ್ಲಿರೋ ಕ್ಲರ್ಕ್ ಒಬ್ಬನೇ."

ಕೊಠಡಿಯ ಪರಿವೀಕ್ಷಕರು ಕೆಮ್ಮಿದರು. ಟವೆಲು ತೋಯ್ದು ಬೆಂಚಿನ ಕೆಳಗೆ ತೊಟ್ಟಿಕ್ಕುತ್ತಿತ್ತು. ಎರಡು ಸಲ ಕಣ್ಣು ಕತ್ತಲಿಟ್ಟಿತು. ಎರಡು ಸಲವೂ ಅವಳು ತನ್ನ ತುಟಿ ಕಚ್ಚಿ ಎಚ್ಚರ ಮಾಡಿಕೊಂಡಳು. ಗಂಟೆ ಹೊಡೆಯಲು ಹತ್ತು ನಿಮಿಷ ಇರುವಾಗ ಎಲ್ಲವನ್ನೂ ಓದಿಸಿಕೊಂಡು, ಎರಡು ಕಡೆ ತಿದ್ದಿಸಿ, ಉತ್ತರಪತ್ರಿಕೆ ಕೊಟ್ಟು, ಬಾಗಿಲಾಚೆ ವಾಂತಿ ಮಾಡಿ ಬಿದ್ದಳು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಹೇಳಿಕೆ ಬರೆದುಕೊಳ್ಳಲು ಪೊಲೀಸಿನವರು ಬಂದಾಗ ಅಮ್ಮ ಮಂಚದ ಕಾಲು ಹಿಡಿದಳು. "ಮನೆಗಿರೋದು ಒಂದೇ ಗಂಡು ದಿಕ್ಕು ಕಣೇ. ಷಟರ್ ತಾನಾಗೇ ಬಿತ್ತು ಅನ್ನು."

"ಬೀಳಲಿಲ್ಲಮ್ಮ, ತುಳಿದ" ಎಂದು ಅವಳು ಪೊಲೀಸಿನವರ ಕಡೆ ತಿರುಗಿದಳು. "ನಾನು ಅವನ ಹಲ್ಲು ಮುರಿದೆ. ಅದನ್ನೂ ಬರ್ಕೊಳ್ಳಿ."

ಅಣ್ಣ ಎಂಟು ತಿಂಗಳು ಒಳಗಿದ್ದ. ಅವಳಿಗೆ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಬಿಟ್ಟರು. ಪತ್ರಿಕೆಯಲ್ಲಿ ಅರವತ್ತೊಂದು ಬಂತು. ಈಗ ಅದೇ ಸಂಜೆ ಕಾಲೇಜಿನ ಹಿಂದಿನ ಬೀದಿಯಲ್ಲಿ ವ್ಯಾಕರಣ ಹೇಳಿಕೊಡುತ್ತಾಳೆ. ಎಡಗೈಯಲ್ಲಿ ಬರೆಯುವುದರಿಂದ ಬೋರ್ಡಿನ ಸಾಲುಗಳು ಬೆಟ್ಟ ಹತ್ತುತ್ತವೆ.

ಅಣ್ಣ ಈಗ ಮೊಟ್ಟೆ ಮಾತ್ರ ಮಾರುತ್ತಾನೆ. ಕಳೆದ ತಿಂಗಳು ಅಮ್ಮನ ಮನೆಯಲ್ಲಿ ಮಾತಿಗೆ ಮಾತು ಬೆಳೆದು ಅವನು ಕೈ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಅವನು ತಲೆ ಕೆರೆದುಕೊಂಡು ಹೊರಗೆ ಹೋದ.