ಬೇಸಗೆಯ ಬೆಟ್ಟಕ್ಕೆ ಹಿಮ ಹಾಕಿದ್ದು

ಮಳೆಗಾಲದಲ್ಲಿ ಬೆಟ್ಟ ಹತ್ತಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ. ಜುಲೈ ಬಂತೆಂದರೆ ಮುಂಬಯಿಯಿಂದ ಹೊರಡುವ ಭಾನುವಾರದ ಕರ್ಜತ್ ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಲ್ಲರೂ ಹೋಗಿ ಅದೇ ಜಲಪಾತದ ಕೆಳಗೆ ನಿಂತು, ಅದೇ ಮೋಡವನ್ನು ಬೆನ್ನಿಗೆ ಹಾಕಿಕೊಂಡು, ಅದೇ ಫೋಟೋ ತೆಗೆಸಿಕೊಂಡು ಸಂಜೆ ನೆಗಡಿಯೊಂದಿಗೆ ಮನೆ ಸೇರುತ್ತಾರೆ. ಸಹ್ಯಾದ್ರಿ ಆಗ ಮದುವೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡಿರುತ್ತದೆ, ಇಲ್ಲವೆನ್ನುವುದಿಲ್ಲ. ನನಗೆ ಬೇಕಾದದ್ದು ನೈಟಿ ಹಾಕಿಕೊಂಡು ಮನೆಯಲ್ಲಿ ಕೂತ ಬೆಟ್ಟ. ಅದಕ್ಕೇ ನಾನು ಹೋಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಹುಲ್ಲೆಲ್ಲ ಒಣಗಿ ಕಂದಾಗಿ, ಬಂಡೆಯ ಪದರಗಳು ಒಂದರ ಮೇಲೊಂದು ಎದ್ದು ಕಾಣುವ ಕಾಲ ಅದು. ಆ ಪದರಗಳನ್ನು ನೋಡದವರು ಸಹ್ಯಾದ್ರಿಯನ್ನು ನೋಡಿಲ್ಲ ಎಂದೇ ನನ್ನ ವಾದ.

ನಾನು ಉಡುಪಿ ಕಡೆಯವಳು, ಮದುವೆಯಾಗಿ ಮುಂಬಯಿಗೆ ಬಂದವಳು. ಮನೆ ಬೊರಿವಲಿಯಲ್ಲಿ, ಹೋಟೆಲು ಅಂಧೇರಿ ಸ್ಟೇಷನ್ನಿನ ಹತ್ತಿರ. ಹೋಟೆಲು ನನ್ನ ಗಂಡ ಮತ್ತು ಅವರ ಅಣ್ಣ ಸೇರಿ ನಡೆಸುವಂಥದ್ದು. ಆ ಅಣ್ಣ, ಅಂದರೆ ನನ್ನ ಭಾವ, ಹೇಳಿದ್ದೇ ಅಲ್ಲಿ ಕೊನೆಯ ಮಾತು. ಅಡುಗೆಮನೆ ಗಂಡನದು, ಗಲ್ಲಾ ನನ್ನದು. ಬೆಳಗಿನ ಇಡ್ಲಿಯ ಹೊತ್ತಿನಿಂದ ಮಧ್ಯಾಹ್ನದ ಊಟ ಮುಗಿಯುವವರೆಗೆ ನಾನು ಆ ಕುರ್ಚಿಯಲ್ಲಿ ಕೂತಿರುತ್ತೇನೆ. ಎದುರಿನ ಗೋಡೆಯ ತುಂಬ ಒಂದು ಸ್ವಿಟ್ಜರ್ಲೆಂಡ್. ಹಿಮದ ಬೆಟ್ಟ, ನೀಲಿ ಸರೋವರ, ಕಿಟಕಿಯಲ್ಲಿ ಹೂವಿಟ್ಟ ಮರದ ಮನೆ. ನಮ್ಮವರ ಎಷ್ಟೋ ಹೋಟೆಲುಗಳಲ್ಲಿ ಅದೇ ಚಿತ್ರವಿತ್ತು, ಯಾಕೆಂದು ಯಾರೂ ಕೇಳಿರಲಿಲ್ಲ. ನಮ್ಮದರ ಹಿಮ ಒಗ್ಗರಣೆ ಹೊಗೆಗೆ ಹಳದಿಯಾಗಿತ್ತು. ಮಗಳು ಹುಟ್ಟುವ ಮೊದಲೇ ಇದ್ದ ಆ ಚಿತ್ರ, ಅವಳು ಕಾಲೇಜು ಮುಗಿಸಿದರೂ ಅಲ್ಲೇ ಇತ್ತು. ಅದನ್ನು ದ್ವೇಷಿಸುತ್ತೇನೆ ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಕ್ಯಾಮೆರಾ ಮಗಳದು. ಆಸೆಪಟ್ಟು ತೆಗೆದುಕೊಂಡವಳು ಒಳ್ಳೆಯ ಫೋನ್ ಬಂದ ಮೇಲೆ ಅದನ್ನು ಕಪಾಟಿಗೆ ತಳ್ಳಿದ್ದಳು. ಮನೆಮಂದಿಯೆಲ್ಲ ಮನಾಲಿಗೆ ಹೋದಾಗ ಅದು ನನ್ನ ಕೈಗೆ ಬಂತು, ಎಲ್ಲರ ಫೋಟೋ ತೆಗೆಯುವ ಕೆಲಸವೂ ಬಂತು. ಬಾಡಿಗೆ ಕೋಟು ತೊಟ್ಟು ಹಿಮದ ಮುಂದೆ ಸಾಲಾಗಿ ನಿಂತವರನ್ನು ಒಂದೆರಡು ಸಲ ತೆಗೆದೆ. ಆಮೇಲೆ ಕ್ಯಾಮೆರಾ ತನ್ನಷ್ಟಕ್ಕೇ ಮೇಲಕ್ಕೆ, ಅವರ ತಲೆಗಳಾಚೆಗೆ ಹೋಗತೊಡಗಿತು. ಮನೆಗೆ ಬಂದು ನೋಡಿದರೆ ಬರೀ ಬೆಟ್ಟ.

"ಇದರಲ್ಲಿ ನಾವೆಲ್ಲಿ?" ಎಂದು ಭಾವ ಕೇಳಿದರು. "ಜನ ಇಲ್ಲದ ಫೋಟೋ ಎಂತಕ್ಕೆ ಮಾರಾಯ್ತಿ? ಎಲ್ಲ ವೇಸ್ಟ್."

ವೇಸ್ಟ್ ಎನಿಸಿಕೊಂಡ ಆ ಫೋಟೋಗಳನ್ನು ನಾನು ಮತ್ತೆ ಮತ್ತೆ ತೆಗೆದು ನೋಡಿದೆ. ಆ ವರ್ಷದಿಂದ ಬೇಸಗೆಯಲ್ಲಿ ತಿಂಗಳಿಗೊಂದು ಭಾನುವಾರ ನನಗೆ ರಜೆ ಬೇಕೆಂದೆ. ಭಾನುವಾರ ಹೋಟೆಲಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ದಿನ, ಹಾಗಾಗಿ ಮನೆಯಲ್ಲಿ ಸಣ್ಣ ಯುದ್ಧವೇ ನಡೆಯಿತು. ಅಣ್ಣನ ಎದುರು ನನ್ನ ಗಂಡನ ಬಾಯಲ್ಲಿ ಬರುವುದು ಒಂದೇ ಮಾತು, "ನೋಡುವ." ನಾನು ಅವರು ನೋಡುವವರೆಗೆ ಕಾಯಲಿಲ್ಲ. ಮೊದಲ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಕರ್ಜತ್ ಕಡೆಯ ಬೆಟ್ಟಗಳಿಗೆ ಹೋಗಿಯೇಬಿಟ್ಟೆ.

ಮುಂದೆ ಹೋಟೆಲಿನ ಗೋಡೆಗೆ ಬರಬೇಕಾಗಿದ್ದ ಫೋಟೋ ಸಿಕ್ಕಿದ್ದು ಹಾಗೆ ಹೋದ ಒಂದು ಮೇ ತಿಂಗಳಲ್ಲಿ. ಬೆಟ್ಟದ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕೂತು, ಬಾಟಲಿಯ ಬಿಸಿನೀರನ್ನೇ ಕುಡಿಯುತ್ತ, ಸಂಜೆಯ ಬಿಸಿಲು ಅಡ್ಡಕ್ಕೆ ಬೀಳುವುದನ್ನು ಕಾದಿದ್ದೆ. ಬಿತ್ತು. ಒಂದೊಂದು ಪದರದ ಕೆಳಗೂ ಕಪ್ಪು ನೆರಳು ಗೆರೆ ಎಳೆಯಿತು. ಮೇಲೆ ಎಲೆಯಿಲ್ಲದ ಒಂದು ಮರ, ಪಕ್ಕದಲ್ಲಿ ದನಗಳು ಓಡಾಡಿ ಸವೆದ ದಾರಿ. ಬೆಟ್ಟ ಯಾರಿಗೂ ಚೆಂದ ಕಾಣಬೇಕೆಂದು ನಿಂತಿರಲಿಲ್ಲ. ಅದನ್ನು ನೋಡುತ್ತ ನನಗೆ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಕಳೆದ ವರ್ಷ ಹೋಟೆಲಿನ ರಿನೋವೇಷನ್ ಶುರುವಾಯಿತು. ಹಳೆಯ ಸ್ವಿಟ್ಜರ್ಲೆಂಡನ್ನು ಕಿತ್ತರು. ಭಾವ ಕ್ಯಾಟಲಾಗ್ ತರಿಸಿ ಅದರಲ್ಲಿ ಇನ್ನೊಂದು ಸ್ವಿಟ್ಜರ್ಲೆಂಡ್ ಹುಡುಕತೊಡಗಿದರು. ನಾನು ನನ್ನ ಫೋಟೋ ಮುಂದಿಟ್ಟೆ.

"ಈ ಒಣ ಗುಡ್ಡೆ ನೋಡಿ ಯಾರಿಗಾದ್ರೂ ಹಸಿವು ಆಗ್ತದಾ?" ಎಂದರು ಭಾವ.

"ಹಿಮ ನೋಡಿದ್ರೆ ಆಗ್ತದಾ ಭಾವ?"

ಗಂಡ ನೆಲ ನೋಡಿದರು. ಮಗಳು ಮಾತ್ರ, "ಅಮ್ಮಂದು ಮಸ್ತ್ ಇದೆ ದೊಡ್ಡಪ್ಪಾ, ಲಗಾ ದೋ ನಾ, ಅದನ್ನೇ ಹಾಕಿ," ಎಂದಳು. ಭಾವ ಕ್ಯಾಟಲಾಗ್ ಮುಚ್ಚಿ, "ಆಯ್ತು, ಪೆನ್‌ಡ್ರೈವ್ ಕೊಡು. ಪ್ರಿಂಟ್ ನಾನು ಮಾಡಿಸ್ತೇನೆ," ಎಂದರು. ಅಷ್ಟು ಸುಲಭಕ್ಕೆ ಒಪ್ಪಿದ್ದು ಕಂಡು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಖುಷಿಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದೆ.

ಗಣಹೋಮ ಮಾಡಿಸಿ ಮತ್ತೆ ಬಾಗಿಲು ತೆಗೆಯುವ ಹಿಂದಿನ ದಿನ ಹೋಟೆಲಿಗೆ ಹೋದೆ. ಫೋಟೋ ಅಂಟಿಸಿ ಆಗಿತ್ತು. ಮೊದಲು ನನಗೆ ಗುರುತೇ ಸಿಗಲಿಲ್ಲ. ಆಮೇಲೆ ಆ ಸವೆದ ದಾರಿ ಕಂಡಿತು. ಉಳಿದದ್ದೆಲ್ಲ ಹಸಿರು. ಪದರಗಳ ಮೇಲೆ ಹುಲ್ಲು ಬೆಳೆದಿತ್ತು, ಬೋಳು ಮರಕ್ಕೆ ಎಲೆ ಬಂದಿತ್ತು, ಬದಿಯಲ್ಲೊಂದು ಜಲಪಾತ ಇಳಿಯುತ್ತಿತ್ತು. ಮತ್ತು ನೆತ್ತಿಯ ಮೇಲೆ ಹಿಮ. ಕರ್ಜತ್‌ನಲ್ಲಿ, ಮೇ ತಿಂಗಳಲ್ಲಿ.

ಪ್ರಿಂಟಿನವನು ಅಲ್ಲೇ ಅಂಚು ಕತ್ತರಿಸುತ್ತಿದ್ದ. "ಭಾಭೀ, ಫೋಟೋ ಏಕ್‌ದಮ್ ಸೂಖಾ ಥಾ. ಮೈನೇ ಜಾನ್ ಡಾಲ್ ದೀ," ಎಂದ ಹೆಮ್ಮೆಯಿಂದ. ಒಣಗಿಹೋಗಿತ್ತಂತೆ, ಅವನು ಜೀವ ತುಂಬಿದನಂತೆ. ಅವನದು ಮೂಲತಃ ಮದುವೆ ಫೋಟೋಗಳ ಸ್ಟುಡಿಯೋ. ಹುಡುಗಿಯರ ಮುಖ ಬೆಳ್ಳಗೆ ಮಾಡುವುದು ಅಲ್ಲಿ ಯಾರೂ ಕೇಳದೆಯೇ ನಡೆಯುವ ಉಪಕಾರ. ನನ್ನ ಬೆಟ್ಟಕ್ಕೂ ಅದೇ ಉಪಕಾರ ಆಗಿತ್ತು. ಅವನಿಗೆ ಹೇಳಿದವರು ಭಾವ, "ಸ್ವಲ್ಪ ಚಂದ ಮಾಡಿ ಕೊಡು" ಎಂದು.

ನನ್ನ ಮೈ ಉರಿದುಹೋಯಿತು. ನನಗೆ ಗಂಡು ಹುಡುಕುವಾಗ ಉಡುಪಿಯ ಸ್ಟುಡಿಯೋದವನೂ ಹೀಗೇ ಮಾಡಿದ್ದ. ಆ ಫೋಟೋ ನೋಡಿಯೇ ಮುಂಬಯಿಯವರು ಒಪ್ಪಿದ್ದು. ಹೆಣ್ಣು ನೋಡಲು ಬಂದ ದಿನ ಅತ್ತೆ ನನ್ನನ್ನೂ ಫೋಟೋವನ್ನೂ ಸರದಿಯಲ್ಲಿ ನೋಡಿ, "ಫೋಟೋದಲ್ಲಿ ಬೆಳ್ಳಗಿದ್ಳು," ಎಂದಿದ್ದರು. ನಾನು ತಲೆ ತಗ್ಗಿಸಿ ಕಾಫಿ ಕೊಟ್ಟಿದ್ದೆ. ಮೇ ತಿಂಗಳ ಆ ಸಂಜೆ ಯಾಕೆ ಅಳು ಬಂತೆಂದು ಈಗ ಗೊತ್ತಾಯಿತು.

ಕುರ್ಚಿ ಎಳೆದು ಹತ್ತಿ, ಹಿಮದ ತುದಿಗೆ ಉಗುರು ಹಾಕಿ ಎಳೆದೆ. ಗೋಂದು ಇನ್ನೂ ಹಸಿ ಇತ್ತು. ಬೆಟ್ಟ ಚರ್ರೆಂದು ಹರಿಯಿತು, ಜೊತೆಗೆ ಗೋಡೆಯ ಹೊಸ ಪೇಂಟೂ ಕಿತ್ತು ಬಂತು.

"ಮರ್ಲು ಹಿಡಿದಿದಾ ನಿಂಗೆ?" ಭಾವ ಅಡುಗೆಮನೆಯಿಂದ ಓಡಿ ಬಂದರು. "ನಾಳೆ ಜನ ಬರ್ತಾರೆ. ಈ ಗೋಡೆ ತೋರಿಸಿ ಎಂತ ಹೇಳುದು?"

"ನೀವು ಹೇಳುದು ಬೇಡ ಭಾವ. ನಾನೇ ಹೇಳ್ತೇನೆ."

ಹೇಳಿದೆ ಕೂಡ. ಮರುದಿನ ಹೋಮದ ಹೊಗೆಯ ನಡುವೆ, ಪ್ರಸಾದದ ತಟ್ಟೆ ಹಿಡಿದು ಬಂದ ಒಬ್ಬೊಬ್ಬರೂ ಆ ಹರಕು ಗೋಡೆ ನೋಡಿ ಕೇಳಿದರು. "ನನ್ನ ಫೋಟೋಗೆ ಕೇಳದೆ ಹಿಮ ಹಾಕಿದ್ರು, ಕಿತ್ತು ಹಾಕಿದೆ," ಎಂದು ಗಲ್ಲಾದಲ್ಲಿ ಕೂತೇ ಹೇಳಿದೆ. ಕೆಲವರು ನಕ್ಕರು. ಕೆಲವರು ಪಾಪ, ಎಲ್ಲಿ ನೋಡಬೇಕೆಂದು ತಿಳಿಯದೆ ಪಾಯಸದ ಕಡೆ ನೋಡಿದರು. ಭಾವ ದಿನವಿಡೀ ನನ್ನ ಹತ್ತಿರ ಮಾತಾಡಲಿಲ್ಲ. ನನಗೆ ಅದರಿಂದ ತೊಂದರೆಯೇನೂ ಆಗಲಿಲ್ಲ.

ನಾಲ್ಕಾರು ದಿನ ಕಳೆದ ಮೇಲೆ, ಧಾರಾವಿಯಲ್ಲಿ ದೊಡ್ಡ ಅಳತೆಯ ಪ್ರಿಂಟ್ ತೆಗೆಯುವ ಅಂಗಡಿಗೆ ಹೊರಟೆ. ಗಂಡನೂ ಚಪ್ಪಲಿ ಮೆಟ್ಟಿ ಬಂದರು, ನಾನು ಕರೆದಿರಲಿಲ್ಲ. ಅಂಗಡಿಯವನು ಫೋಟೋ ತೆರೆದವನೇ, "ಥೋಡಾ ಗ್ರೀನ್ ಬಢಾ ದೂಂ?" ಎಂದು ಹಸಿರು ಹೆಚ್ಚಿಸಲು ಮೌಸ್‌ಗೆ ಕೈ ಹಾಕಿದ. ನಾನು ಬಾಯಿ ತೆರೆಯುವ ಮೊದಲೇ ಗಂಡ ಅವನ ಕೈ ಹಿಡಿದರು. "ಕುಛ್ ನಹೀಂ ಕರ್ನೇ ಕಾ. ಜೈಸಾ ಹೈ ವೈಸಾ," ಎಂದರು, ಏನೂ ಮಾಡುವುದು ಬೇಡ, ಇದ್ದ ಹಾಗೇ ಇರಲಿ ಎಂದು. ಇಷ್ಟು ವರ್ಷಗಳಲ್ಲಿ ಅವರು ನನ್ನ ಪರವಾಗಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು, ಅದೂ ಗುರುತಿಲ್ಲದವನ ಹತ್ತಿರ. ಆದರೂ ಲೆಕ್ಕಕ್ಕೆ ಹಿಡಿದೆ. ಮಷೀನಿನಿಂದ ಕಂದು ಬೆಟ್ಟ ಇಷ್ಟಿಷ್ಟೇ ಹೊರಬರುವಷ್ಟು ಹೊತ್ತೂ ನಾನು ಅಲ್ಲಿಂದ ಕದಲಲಿಲ್ಲ.

ಅಂಟಿಸಿದ ಮೇಲೆ ಭಾವ ಎದುರಿನ ಮೇಜಿನಲ್ಲಿ ಕಾಫಿ ಹಿಡಿದು ಕೂತು ಬಹಳ ಹೊತ್ತು ನೋಡಿದರು.

"ಹಟ ಗೆದ್ದಿ. ಆಯ್ತು," ಎಂದರು ಕೊನೆಗೆ. "ಮಳೆ ಬಂದ ಮೇಲೆ ಅಲ್ಲಿಗೇ ಹೋಗಿ ಒಂದು ಹಸಿರು ಫೋಟೋ ತೆಗೆದು ತಾ. ನಿಂದೇ ಇರಲಿ, ಹಿಮ ಬೇಡ. ಅದನ್ನು ಹಾಕುವ."

ಅವರು ರಾಜಿಗೆ ಬಂದಿದ್ದರು, ಅವರ ಮಟ್ಟಿಗೆ ಅದು ದೊಡ್ಡದು. ನಾನು ಹೂಂ ಎನ್ನಬಹುದಿತ್ತು.

"ಇಲ್ಲ ಭಾವ," ಎಂದೆ. "ಗಿರಾಕಿಗಳು ತಟ್ಟೆ ನೋಡಿ ತಿಂದು ಎದ್ದು ಹೋಗ್ತಾರೆ. ದಿನವಿಡೀ ಈ ಗೋಡೆ ನೋಡುದು ನಾನೊಬ್ಳೇ. ಇದನ್ನು ಬದಲಾಯಿಸುದಾದ್ರೆ ಗಲ್ಲಾಕ್ಕೂ ಬೇರೆ ಜನ ನೋಡಿ."

ಭಾವ ನನ್ನ ಮುಖ ನೋಡಿದರು, ಸ್ಟುಡಿಯೋದವನು ಮುಟ್ಟದ ಮುಖ. ಆಮೇಲೆ ಕಾಫಿ ಲೋಟ ಇಟ್ಟು ಅಡುಗೆಮನೆಗೆ ಹೋದರು. ಗಲ್ಲಾದ ಎದುರು ಬಿಲ್ ಹಿಡಿದು ಯಾರೋ ಕಾಯುತ್ತಿದ್ದರು. ನಾನು ಕೈ ಚಾಚಿ ತೆಗೆದುಕೊಂಡೆ.